ಕೈಗುಣ ಅಳೆಯುವ ಯಂತ್ರ

ಒಬ್ಬ ವೈದ್ಯನ ಕೈಗುಣವನ್ನು ಯಂತ್ರದಿಂದ ಅಳೆಯುವಂತಾದರೆ ಏನಾಗುತ್ತದೆ? ಏನಾಯಿತೆಂದು ನಾನು ಹೇಳುತ್ತೇನೆ. ಸಮಾಧಾನವಾಗಿ ಹೇಳುತ್ತೇನೆಂದು ಮಾತ್ರ ಮಾತು ಕೊಡಲಾರೆ.

ಆ ಯಂತ್ರ ಬರುವುದಕ್ಕೆ ಮುಂಚೆ ವೈದ್ಯಕೀಯ ಕಾಲೇಜಿಗೆ ಸೇರಲು ಪ್ರವೇಶ ಪರೀಕ್ಷೆ ಇತ್ತು. ಅದಕ್ಕೆ ತಯಾರಿ ಮಾಡಿಸುವ ಅಂಗಡಿಗಳಿದ್ದವು. ಅಂಗಡಿಗೆ ಹೋಗುವ ಶಕ್ತಿ ಇದ್ದವರ ಮಕ್ಕಳು ಡಾಕ್ಟರಾದರು. ಇಲ್ಲದವರ ಮಕ್ಕಳು ಆ ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ಕುಳಿತರು. ಇದು ಅನ್ಯಾಯವೆಂದು ಎಲ್ಲರಿಗೂ ಗೊತ್ತಿತ್ತು. ಆಗ ಡಾ. ಪ್ರಭಂಜನ ದೇಸಾಯಿ ಎಂಬ ವೈದ್ಯ, ನರವಿಜ್ಞಾನಿ ಮುಂದೆ ಬಂದರು. ಬಾಯಿಪಾಠ ಮಾಡಿಸಿದ್ದನ್ನು ಅಳೆಯುವುದು ಬೇಡ, ಮನುಷ್ಯನೊಳಗೆ ಮೊದಲೇ ಇರುವುದನ್ನು ಅಳೆಯೋಣ ಎಂದರು. "ಆ ಡಾಕ್ಟರ ಕೈಗುಣ ಚಲೋ ಅದ ಅಂತ ನಮ್ಮ ಮಂದಿ ಅಂತಾರಲ್ಲ, ಅದು ಸುಳ್ಳಲ್ಲ. ಮಿದುಳಿನ್ಯಾಗ ಕಾಣ್ತದ" ಎಂದು ಟಿವಿಯಲ್ಲಿ ತೋರಿಸಿಯೇ ಬಿಟ್ಟರು.

ಕಂಡದ್ದೇನೋ ನಿಜ. ನರಳುವವರನ್ನು ನೋಡಿದೊಡನೆ, ಕೈ ಅಲುಗುವುದಕ್ಕೂ ಮೊದಲೇ, ಒಳ್ಳೆಯ ವೈದ್ಯನ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಕೈಯನ್ನು ಕೆಲಸಕ್ಕೆ ಸಿದ್ಧಮಾಡುವ ಅಲೆ ಅದು. ದೇಸಾಯಿಯವರು ಅದನ್ನು ಹಿಡಿಯುವ ಒಂದು ಶಿರಸ್ತ್ರಾಣ ಮಾಡಿದರು. ಅದನ್ನು ಹಾಕಿಕೊಂಡರೆ ಕಣ್ಣ ಮುಂದೆ ಒಂದು ಮನೆ ತೆರೆದುಕೊಳ್ಳುತ್ತದೆ. ಒಳಗೆ ಯಾರೋ ಬಿದ್ದಿರುತ್ತಾರೆ. ನೀವು ಹೋಗಿ ಅವರನ್ನು ನೋಡಬೇಕು. ಅಲೆ ಎಷ್ಟು ಬೇಗ ಏಳುತ್ತದೋ ಅಷ್ಟು ಅಂಕ. ಎದ್ದ ಅಲೆ ಹಿಂಜರಿಕೆಯಿಂದ ಕುಸಿದರೆ ಅದಕ್ಕೆ 'ತಡೆ' ಎಂದು ಹೆಸರು. ತಡೆ ಬಂದರೆ ಅಂಕ ಕಳೆಯುತ್ತದೆ. ಹೆದರುವವನು ಡಾಕ್ಟರಾಗಬಾರದು ಎಂಬುದು ಅದರ ಹಿಂದಿನ ತರ್ಕ.

ಅಭ್ಯರ್ಥಿಯ ಹೆಸರು, ಊರು, ಜಾತಿ ಏನನ್ನೂ ಯಂತ್ರಕ್ಕೆ ಹೇಳುವುದಿಲ್ಲ. 'ಯಂತ್ರಕ್ಕೆ ಜಾತಿ ಗೊತ್ತಿಲ್ಲ' ಎಂದು ಬಸ್ಸುಗಳ ಮೇಲೆಲ್ಲ ಬರೆಸಿದರು. ಅಳತೆಯೇ ಸರಿಯಾದ ಮೇಲೆ ಮೀಸಲಾತಿ ಯಾಕೆ ಎಂದು ದೇಸಾಯಿಯವರು ಕೇಳಿದರು. ಎಷ್ಟೋ ವರ್ಷಗಳಿಂದ ಆ ಪ್ರಶ್ನೆ ಕೇಳಲು ಕಾಯುತ್ತಿದ್ದವರು ಹಾರ ತಂದು ಹಾಕಿದರು. ವೈದ್ಯಕೀಯ ಕಾಲೇಜುಗಳಲ್ಲಿ ಮೀಸಲಾತಿ ಹೋಯಿತು. ಮಾರನೆಯ ವರ್ಷ ಸೀಟು ಸಿಕ್ಕವರ ಪಟ್ಟಿ ನೋಡಿದರೆ ಅದೇ ಮನೆತನಗಳು, ಅದೇ ಬಡಾವಣೆಗಳು. ಬಡವರ ಮಕ್ಕಳಲ್ಲಿ ಕೈಗುಣ ಇಲ್ಲ, ಇದು ಈಗ ವೈಜ್ಞಾನಿಕವಾಗಿ ಸಾಬೀತಾಗಿದೆ ಎಂದು ಒಬ್ಬ ಮಂತ್ರಿ ನಾಚಿಕೆಯಿಲ್ಲದೆ ಹೇಳಿದ. ಆ ಮಾತು ಅಚ್ಚಾದ ಪತ್ರಿಕೆಯನ್ನು ನಾನು ಹರಿದು ಒಲೆಗೆ ಹಾಕಿದೆ.

ನಾನು ನಸೀಮಾ. ಕಲಬುರಗಿಯಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಪರೀಕ್ಷಾ ಕೇಂದ್ರದ ನಿಯಂತ್ರಣ ಕೋಣೆಗೆ ಎರವಲು ಕಳಿಸಿದ್ದರು. ಅಲೆಗಳು ಸರಿಯಾಗಿ ದಾಖಲಾಗುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಅಂಕ ಕೊಡುವುದೆಲ್ಲ ಯಂತ್ರ.

ಆ ದಿನ ಗಾಜಿನ ಆಚೆ ಕುರ್ಚಿಯಲ್ಲಿ ಕುಳಿತದ್ದು ಒಬ್ಬ ಸಣಕಲು ಹುಡುಗಿ. ಇಸ್ತ್ರಿ ಮಾಡಿದ ಹಳೆಯ ಚೂಡಿದಾರ, ಬಿಗಿಯಾಗಿ ಹೆಣೆದ ಜಡೆ. ಶಿರಸ್ತ್ರಾಣದೊಳಗೆ ಅವಳಿಗೆ ಕಾಣುತ್ತಿದ್ದದ್ದೆಲ್ಲ ನನ್ನ ಪರದೆಯ ಮೇಲೂ ಕಾಣುತ್ತಿತ್ತು. ದೊಡ್ಡ ಮನೆ, ನುಣ್ಣನೆಯ ಕಲ್ಲು ಹಾಸಿದ ಪಡಸಾಲೆ, ಆಚೆ ಒಳಕೋಣೆ. ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ಗಳದ ಮೇಲೆ ಒಂದು ಒದ್ದೆ ಸೀರೆ ಒಣಹಾಕಿತ್ತು. ಸೀರೆಯ ಕೆಳಗೆ, ಒಳಗೆ ನೆಲದ ಮೇಲೆ ಬಿದ್ದಿದ್ದ ಹೆಂಗಸಿನ ಪಾದಗಳು ಕಾಣುತ್ತಿದ್ದವು. ಉಳಿದ ಮಕ್ಕಳು ಸೀರೆಯನ್ನು ಕೈಯಿಂದ ಸರಿಸಿ ಒಳಗೆ ನುಗ್ಗುತ್ತಿದ್ದರು.

ಹುಡುಗಿಯ ಅಲೆ ಎದ್ದಿತು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಆ ಸಲದ ಪರೀಕ್ಷೆಯಲ್ಲಿ ಅಷ್ಟು ಬೇಗ, ಅಷ್ಟು ಎತ್ತರಕ್ಕೆ ಎದ್ದ ಅಲೆಯನ್ನು ನಾನು ನೋಡಿರಲಿಲ್ಲ. ಪಾದಗಳು ಕಂಡ ಕೂಡಲೇ ಅವಳ ಕೈ ಸಿದ್ಧವಾಗಿತ್ತು. ಅಲ್ಲಿಂದ ಅಲೆ ಒಮ್ಮೆಲೇ ಕುಸಿಯಿತು, ಯಾರೋ ಮೇಲಿನಿಂದ ಒತ್ತಿ ಹಿಡಿದಂತೆ. ಅವಳು ಸೀರೆಯ ಈಚೆ ನಿಂತುಬಿಟ್ಟಳು.

"ಅಕ್ಕಾರೇ," ಎಂದು ಕೂಗಿದಳು. "ಅಕ್ಕಾರೇ, ಒಳಗ ಬರ್ಲೇನ್ರೀ?"

ಬಿದ್ದಿರುವ ಹೆಂಗಸಿಗೆ ಪ್ರಜ್ಞೆ ಇಲ್ಲ. ಅವಳು ಉತ್ತರ ಕೊಡುವಂತೆ ಯಾರೂ ರೂಪಿಸಿರಲಿಲ್ಲ.

"ಮನ್ಯಾಗ ಯಾರರ ಅದೀರೇನ್ರೀ? ಅಕ್ಕಾರು ಬಿದ್ದಾರ, ಯಾರರ ಬರ್ರೀ! ಮಗ್ಗಲಾಗಿ ಮಲಗಸ್ರೀ ಅಕೀನ್ನ, ಉಸರು ಕಟ್ಟತದ!"

ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿ ನಿಂತಲ್ಲೇ ಕೂಗುತ್ತ ಉಳಿದಳು. ಅಲೆ ಏಳುವುದು, ಕುಸಿಯುವುದು, ಮತ್ತೆ ಏಳುವುದು, ಮತ್ತೆ ಕುಸಿಯುವುದು. ಕೊನೆಗೆ ಯಂತ್ರದ ಸಿಹಿ ದನಿ ಬಂತು: "ಧನ್ಯವಾದ. ನಿಮ್ಮಲ್ಲಿ ಕೈಗುಣ ಕಂಡುಬಂದಿಲ್ಲ. ಬೇರೆ ಕ್ಷೇತ್ರದಲ್ಲಿ ನಿಮಗೆ ಶುಭವಾಗಲಿ."

ಅವಳು ಶಿರಸ್ತ್ರಾಣ ತೆಗೆದಳು. ಒಳಗಿನ ಬೆವರನ್ನು ತನ್ನ ವೇಲಿನ ತುದಿಯಿಂದ ಒರೆಸಿ, ಮುಂದಿನವರಿಗಾಗಿ ಕುರ್ಚಿಯ ಮೇಲಿಟ್ಟಳು. ಹೊರಗೆ ಹೋಗುವಾಗ ನನ್ನ ಗಾಜಿನ ಹತ್ತಿರ ನಿಂತು ಕೇಳಿದಳು: "ಮೇಡಂ, ಆ ಅಕ್ಕಾರು ಉಳದ್ರೇನ್ರೀ?"

ಬೊಂಬೆಯಾಟದ ಹೆಂಗಸು ಉಳಿದಳೋ ಇಲ್ಲವೋ ಎಂದು ಕೇಳಿದವಳು ಇವಳೊಬ್ಬಳೇ. ಅವಳಲ್ಲಿ ಕೈಗುಣ ಇಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಪಾತ್ರೆಗಳನ್ನು ದಡದಡ ಎಸೆಯುತ್ತಿದ್ದಾಗ ನನ್ನ ಗಂಡ ಖಾಜಾ ಏನಾಯಿತೆಂದು ಕೇಳಿದ. ಹೇಳಿದೆ. "ನಿನ್ನ ಕೆಲಸ ಅಲೆ ನೋಡೋದು. ನೋಡಿದಿ, ಮುಗೀತು," ಎಂದ. ಆಮೇಲೆ ಅವನೇ ಕೇಳಿದ, "ಅಲ್ಲ, ಅಕಿ ಯಾಕ ನಿಂತ್ಳು?"

ಪ್ರಶ್ನೆ ಅದೇ. ಯಂತ್ರಕ್ಕೆ ಅದು ಹೊಳೆದಿರಲಿಲ್ಲ. ನಾನು ಹಳೆಯ ದಾಖಲೆಗಳನ್ನು ತಿರುವಿದೆ. ಬೇಗ ಎದ್ದು ಒಮ್ಮೆಲೇ ಕುಸಿದ ಅಲೆಗಳು ಬಹಳ ಇದ್ದವು. ಗೊತ್ತಿಲ್ಲದವನ ಅಲೆ ಏಳುವುದೇ ಇಲ್ಲ, ಹೇಡಿಯ ಅಲೆ ನಡುಗುತ್ತ ಏಳುತ್ತದೆ. ಇವು ಎರಡೂ ಅಲ್ಲ. ಈ ಮಕ್ಕಳಿಗೆ ಏನು ಮಾಡಬೇಕೆಂದು ಗೊತ್ತಿತ್ತು, ಮಾಡಲು ಕೈ ಹೊರಟಿತ್ತು. ಹೊರಟ ಕೈಯನ್ನು ಏನೋ ಹಿಡಿದು ನಿಲ್ಲಿಸಿತ್ತು. ಎಲ್ಲರೂ ನಿಂತದ್ದು ಅದೇ ಬಾಗಿಲಲ್ಲಿ, ಆ ಸೀರೆಯ ಈಚೆಗೆ. ಯಂತ್ರ ಅವರನ್ನೆಲ್ಲ ಒಂದೇ ಗುಂಡಿಯಲ್ಲಿ ಹುಗಿದಿತ್ತು.

ಭಾನುವಾರ ನಾನು ಸುರಪುರದ ಆಚೆ ಇರುವ ಹಿರೇಕೊಪ್ಪರಕ್ಕೆ ಬಸ್ಸು ಹತ್ತಿದೆ. ಹುಡುಗಿಯ ಹೆಸರು, ಊರು ಕೇಂದ್ರದ ಹಾಜರಿ ಪುಸ್ತಕದಲ್ಲಿ ಸಿಕ್ಕಿದ್ದವು. ಹೆಸರು ಹುಲಿಗೆಮ್ಮ. ಊರಿನ ಕೊನೆಗೆ, ಚರಂಡಿ ದಾಟಿ ಅವರ ಕೇರಿ. ತಗಡಿನ ಬಾಗಿಲಿನ ಒಂದೇ ಕೋಣೆಯ ಮನೆ. ತಾಯಿ ತಾಯಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಹೊರಗೆ ಕಟ್ಟೆಯ ಮೇಲೆ ಚಾಪೆ ಹಾಸಿದಳು. ನಾನು ಒಳಗೇ ಹೋಗಿ ಕುಳಿತೆ. ಅವಳು ಗಾಬರಿಯಾಗಿ ಮಗಳ ಮುಖ ನೋಡಿದಳು. ಚಹಾ ಕೊಡುವಾಗ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಮೊಣಕೈ ಬಳಿ ಸೊಟ್ಟಗಾಗಿತ್ತು.

"ಯಾಕ ನಿಂತಿ ಅಲ್ಲಿ?" ಎಂದು ನಾನು ಹುಲಿಗೆಮ್ಮನನ್ನು ಕೇಳಿದೆ. "ನಿನಗ ಎಲ್ಲಾ ಗೊತ್ತಿತ್ತು. ಮಗ್ಗಲಾಗಿ ಮಲಗಸ್ರಿ ಅಂತ ಒದರಿದಿ. ನೀನೇ ಯಾಕ ಹೋಗ್ಲಿಲ್ಲ?"

ಅವಳು ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ತಾಯಿ.

"ಸೀರಿ ಹಾಕಿತ್ತಂತಲ್ರೀ ಮೇಡಂ, ಬಾಗಲಿಗಿ. ಮಡಿ ಸೀರಿ."

ಆಮೇಲೆ ಹೇಳಿದಳು. ಹುಲಿಗೆಮ್ಮ ಚಿಕ್ಕವಳಿದ್ದಾಗ ತಾಯಮ್ಮ ಊರೊಳಗಿನ ಒಂದು ದೊಡ್ಡ ಮನೆಯ ಅಂಗಳ ಗುಡಿಸುತ್ತಿದ್ದಳು. ಮಗಳೂ ಜೊತೆಗೆ ಹೋಗುತ್ತಿದ್ದಳು. ಅಂಗಳದಿಂದ ಮುಂದೆ ಕಾಲಿಡುವಂತಿಲ್ಲ. ಏನಾದರೂ ಬೇಕಿದ್ದರೆ ಹೊರಗೆ ನಿಂತು ಕೂಗಬೇಕು. ಒಂದು ದಿನ ಒಳಗೆ ಧಡ್ ಎಂದು ಸದ್ದಾಯಿತು. ಮನೆಯಲ್ಲಿ ಗಂಡಸರಿರಲಿಲ್ಲ. ತಾಯಮ್ಮ ಕೂಗಿದಳು, ಯಾರೂ ಓಗೊಡಲಿಲ್ಲ. ಇಣುಕಿದರೆ ಮನೆಯೊಡತಿ ನೆಲದ ಮೇಲೆ ಬಿದ್ದು ಕೈಕಾಲು ಬಡಿಯುತ್ತಿದ್ದಳು. ಬಾಗಿಲಿಗೆ ಅಡ್ಡ ಮಡಿ ಸೀರೆ ಒಣಹಾಕಿತ್ತು.

"ನಾನೇ ಸರಿಸಿ ಹೋದೆರೀ. ಎತ್ತಿ ತೊಡಿ ಮ್ಯಾಲ ಮಲಗಿಸ್ಕೊಂಡೆ. ಬಾಯಾಗಿನ ನೊರಿ ಒರಿಸ್ದೆ. ಉಸುರು ತಿರುಗ್ತು. ಆಮ್ಯಾಲ ಗಂಡ್ಮಕ್ಳು ಬಂದ್ರು." ತಾಯಮ್ಮ ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಈ ಕೂಸಿನ ಮುಂದೇ ಹೊಡದ್ರು. ಸೀರಿ ಮುಟ್ಟಿದಿ, ಅಕಿನ್ನೂ ಮುಟ್ಟಿದಿ ಅಂತ."

"ಆ ಅಮ್ಮಾರು ಬಿಡಿಸ್ಲಿಲ್ಲೇನು?"

"ಅಕಿ ಸ್ನಾನಕ್ಕ ಹೋಗಿದ್ಳರೀ."

ನಾನು ಚಹಾದ ಲೋಟ ಕೆಳಗಿಟ್ಟೆ. ಕೈ ಮುರಿದ ತಾಯಿಯ ಜೊತೆ ಹುಲಿಗೆಮ್ಮ ದವಾಖಾನೆಗೂ ಹೋಗಿದ್ದಳು. ಅಲ್ಲಿನ ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ ಮಾತ್ರೆ ಬರೆದುಕೊಟ್ಟರಂತೆ. "ಮುಟ್ಟಿ ನೋಡ್ಲಿಲ್ರೀ ಮೇಡಂ," ಎಂದಳು ಹುಲಿಗೆಮ್ಮ, ಮೊದಲ ಸಲ ತಲೆಯೆತ್ತಿ. "ಮುಟ್ಟಿದ್ರ ಎಲುಬು ಸರಿದದ್ದು ಗೊತ್ತಾಗ್ತಿತ್ತು. ಅವತ್ತೇ ಅಂದ್ಕೊಂಡೀನಿ, ನಾ ಡಾಕ್ಟರ ಆಗಿ ಎಲ್ಲಾರ್ನೂ ಮುಟ್ಟೇ ನೋಡ್ತೀನಿ ಅಂತ. ಕಡೀಕ ಆ ಬಾಗಲದಾಗ ನಿಂತೆ. ಖರೇ ಮನಿ ಅಲ್ಲ, ಖರೇ ಸೀರಿ ಅಲ್ಲ ಅಂತ ಗೊತ್ತಿತ್ತು. ಕಾಲು ಏಳ್ಲಿಲ್ಲ."

ಅಂಕಗಳ ಮರುಪರಿಶೀಲನೆಗೆ ಅರ್ಜಿ ಹಾಕುವಂತೆ ನಾನು ಹೇಳಿದೆ. ಅವಳು ಆಗಲೇ ಹಾಕಿದ್ದಳು. ಆ ಹುಡುಗಿಗೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ.

ವಿಚಾರಣೆ ನಡೆದದ್ದು ಕೇಂದ್ರದ ಸಭಾಕೋಣೆಯಲ್ಲಿ. ಮಂಡಳಿಯ ಅಧ್ಯಕ್ಷೆ ನಿವೃತ್ತ ಅಧಿಕಾರಿ, ಮೃದು ಮಾತಿನವರು. ಅವರ ಬಲಕ್ಕೆ ಡಾ. ದೇಸಾಯಿ. ನಾನು ಅಲೆಗಳನ್ನು ಗೋಡೆಯ ಮೇಲೆ ತೋರಿಸಿದೆ. ಹುಲಿಗೆಮ್ಮನ ಅಲೆಯ ಪಕ್ಕದಲ್ಲಿ ಆ ವರ್ಷ ಮೊದಲ ಸ್ಥಾನ ಬಂದ ಹುಡುಗನ ಅಲೆಯನ್ನು ಇಟ್ಟೆ. ಹುಲಿಗೆಮ್ಮನದು ಅವನಿಗಿಂತ ಬೇಗ ಎದ್ದಿತ್ತು, ಎತ್ತರವೂ ಹೆಚ್ಚು. ತಡೆಯ ಅಂಕಗಳನ್ನು ಕಳೆಯದಿದ್ದರೆ ಮೊದಲ ಹೆಸರು ಅವಳದೇ.

"ಅಲೆ ಎದ್ದದ್ದು ನಾನೂ ಒಪ್ತೀನಿ," ಎಂದರು ದೇಸಾಯಿ. ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸುತ್ತಿದ್ದದ್ದು. "ಆದ್ರ ನೋಡ್ರಿ ಮೇಡಂ, ನಾಳೆ ಖರೇ ರೋಗಿ ಮುಂದನೂ ಈಕಿ ಹಿಂಗೇ ನಿಂತ್ರ? ರೋಗಿ ಸಾಯ್ತಾನ. ತಡೆ ಅಂದ್ರ ತಡೆ. ಅದರ ಕಾರಣ ಯಂತ್ರಕ್ಕ ಬೇಕಾಗಿಲ್ಲ."

"ಯಾರ ಮನಿ ಸರ್ ಅದು?" ಎಂದು ಹುಲಿಗೆಮ್ಮ ಕೇಳಿದಳು.

"ಯಾವದು?"

"ಯಂತ್ರದಾಗಿನ ಮನಿ."

ದೇಸಾಯಿ ನಕ್ಕರು. "ನಮ್ಮದೇ. ನಮ್ಮ ತಾಯಿ ಇದ್ದ ಮನಿ. ಸ್ಟುಡಿಯೋದಾಗ ಮಾಡೋದ್ಯಾಕ, ಒಂದು ಸಾದಾ ಮನಿ ಸಾಕು ಅಂತ ಅದನ್ನ ಸ್ಕ್ಯಾನ್ ಮಾಡ್ಸಿದೆ."

"ಸೀರಿ?"

"ಯಾವ ಸೀರಿ?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಚಿತ್ರ ತೋರಿಸಬೇಕಾಯಿತು. ಹುಟ್ಟಿದಾಗಿನಿಂದ ಆ ಗಳದ ಮೇಲೆ ಆ ಸೀರೆಯನ್ನು ನೋಡುತ್ತ ಬೆಳೆದ ಮನುಷ್ಯ, ಗೋಡೆ, ಕಂಬದ ಜೊತೆಗೆ ಅದನ್ನೂ ಯಂತ್ರದೊಳಗೆ ಸೇರಿಸಿಬಿಟ್ಟಿದ್ದರು. ರಾಜ್ಯದ ಮಕ್ಕಳೆಲ್ಲ ಡಾಕ್ಟರಾಗಬೇಕಾದರೆ ಅವರ ತಾಯಿಯ ಮಡಿ ಸೀರೆಯನ್ನು ಮುಟ್ಟಿಯೇ ಒಳಗೆ ಹೋಗಬೇಕಿತ್ತು. ಯಂತ್ರಕ್ಕೆ ಜಾತಿ ಗೊತ್ತಿಲ್ಲವಂತೆ! ಅದರೊಳಗಿನ ಮನೆಗೆ ಗೊತ್ತಿತ್ತಲ್ಲ.

ಹುಲಿಗೆಮ್ಮ ತನ್ನ ತಾಯಿಯ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಧ್ಯಕ್ಷೆಯ ಕಣ್ಣುಗಳು ಒದ್ದೆಯಾದವು.

"ಎಂಥ ಸಂಸ್ಕಾರ," ಎಂದರು ಅವರು. "ಒಳಗೆ ಬರುವ ಮೊದಲು ಅನುಮತಿ ಕೇಳುವ ವಿನಯ. ಇಂಥ ವಿನಯ ವೈದ್ಯರಲ್ಲಿ ಇರಬೇಕು. ಇದಕ್ಕೆ ವಿಶೇಷ ಅಂಕ ಕೊಡುವ ಬಗ್ಗೆ ನಾವು ಯೋಚಿಸಬಹುದು."

"ವಿನಯ ಅಲ್ರೀ ಅದು," ಎಂದಳು ಹುಲಿಗೆಮ್ಮ. ಅವಳ ದನಿ ನಡುಗುತ್ತಿತ್ತು, ಆದರೆ ಮೆತ್ತಗಿರಲಿಲ್ಲ. "ಅಂಜಿಕಿ. ನಮ್ಮವ್ವನ ಕೈ ಮುರದ್ರು, ಅದರ ಅಂಜಿಕಿ. ಅದಕ್ಕ ಚಂದನ ಹೆಸರು ಇಡಬ್ಯಾಡ್ರಿ. ಅಂಕಾನೂ ಕೊಡಬ್ಯಾಡ್ರಿ. ನನ್ನ ಅಂಜಿಕಿ ನಾ ಕಳಕೋತೀನಿ, ಅದು ನನ್ನ ಕೆಲಸ. ಅಲೆ ಎದ್ದದ್ದಕ್ಕ ಎಷ್ಟು ಬರ್ತದ, ಅಷ್ಟು ಕೊಡ್ರಿ."

ಅಧ್ಯಕ್ಷೆ ಕರವಸ್ತ್ರವನ್ನು ಬ್ಯಾಗಿನೊಳಗೆ ಇಟ್ಟುಕೊಂಡರು. ದೇಸಾಯಿಯವರ ಮುಖ ಬಿಗಿಯಾಗಿತ್ತು. ಅವರಿಗೆ ಚುಚ್ಚಿದ್ದು ಹುಡುಗಿಯ ಕತೆಯಲ್ಲ, ತಮ್ಮ ಯಂತ್ರದ ಮೇಲೆ ಬಂದ ಮಾತು.

"ಮನಿಯಿಂದ ಏನೂ ಫರಕ ಆಗೂದಿಲ್ಲ," ಎಂದರು. "ಅರಮನಿ ಇರ್ಲಿ, ಗುಡಿಸಲಾ ಇರ್ಲಿ, ಬಿದ್ದವರನ್ನ ಕಂಡ್ರ ವೈದ್ಯನ ಅಲೆ ಏಳ್ಲೇಬೇಕು, ಒಳಗ ಹೋಗ್ಲೇಬೇಕು. ಅದೇ ನನ್ನ ಸಿದ್ಧಾಂತ."

"ಹಂಗಾದ್ರ ನಮ್ಮ ಮನಿ ಸೇರಸ್ರಿ ಸರ್," ಎಂದಳು ಹುಲಿಗೆಮ್ಮ.

"ಸೇರಸೋಣು. ನಾನೇ ಬರ್ತೀನಿ."

ಯಂತ್ರಕ್ಕೆ ಹೊಸ ಮನೆ ಸೇರಿಸುವುದಕ್ಕೆ ಒಂದು ಕ್ರಮವಿದೆ. ಮಾನದಂಡವೆಂದು ಒಪ್ಪಿಕೊಂಡ ವೈದ್ಯರೊಬ್ಬರು ಶಿರಸ್ತ್ರಾಣ ಹಾಕಿಕೊಂಡು ಆ ಮನೆಗೆ ನಿಜವಾಗಿ ಹೋಗಬೇಕು, ಒಳಗೆ ಮಲಗಿದವರನ್ನು ಮುಟ್ಟಿ ನೋಡಬೇಕು. ಅವರ ಅಲೆಯೇ ಉಳಿದವರಿಗೆ ಅಳತೆ. ಯಂತ್ರದ ಮೊದಲ ಅಳತೆಯೂ ದೇಸಾಯಿಯವರದೇ. ಇನ್ನೊಂದು ನಿಯಮವನ್ನೂ ಅವರೇ ತಮ್ಮ ಕೈಯಾರೆ ಬರೆದಿದ್ದರು: ಮಾನದಂಡದ ವೈದ್ಯನೇ ಯಾವುದಾದರೂ ಮನೆಯಲ್ಲಿ ಸೋತರೆ, ಆ ವರ್ಷ ತಡೆಯ ಹೆಸರಿನಲ್ಲಿ ಕಳೆದ ಅಂಕಗಳನ್ನೆಲ್ಲ ವಾಪಸು ಕೊಡಬೇಕು. ತಾವು ಸೋಲಬಹುದು ಎಂಬ ಯೋಚನೆ ಅವರ ತಲೆಗೆ ಬಂದಿರಲಾರದು.

ನಿಗದಿಯಾದ ದಿನ ನಾನು ಬೆಳಿಗ್ಗೆಯೇ ಹಿರೇಕೊಪ್ಪರಕ್ಕೆ ಹೋದೆ. ತಾಯಮ್ಮ ನೆಲ ಸಾರಿಸಿದ್ದಳು. ಬಾಗಿಲಿಗೆ ಅಡ್ಡ ಕಟ್ಟಿದ ತಂತಿಯ ಮೇಲೆ ಖಂಡದ ಎಳೆಗಳು ಒಣಗುತ್ತಿದ್ದವು. ಮಾಂಸವನ್ನು ಉದ್ದಕ್ಕೆ ಸೀಳಿ, ಉಪ್ಪು ಸವರಿ ಬಿಸಿಲಿಗೆ ಹಾಕಿದ್ದು. ಆ ಕೇರಿಯ ಎಲ್ಲ ಮನೆಗಳ ಮುಂದೆಯೂ ಅದು ಇದ್ದೇ ಇರುತ್ತದೆ. ತಾಯಮ್ಮ ಅದನ್ನು ತೆಗೆಯಲು ಒಂದು ಬುಟ್ಟಿ ತಂದಳು.

"ಇರ್ಲಿ ಬಿಡವ್ವಾ," ಎಂದಳು ಹುಲಿಗೆಮ್ಮ. "ದೊಡ್ಡೋರು ಬರ್ತಾರ ಅಂತ ನಾವ್ಯಾಕ ತೆಗೀಬೇಕು? ಅವರು ಸೀರಿ ತೆಗದಿದ್ರೇನು?"

"ಪಾಪ, ಅವರಿಗಿ ವಾಸನಿ ಬರ್ತದವ್ವಾ."

"ಬರ್ಲಿ. ಮನಿಯಿಂದ ಫರಕ ಆಗೂದಿಲ್ಲಂತ."

ರೋಗಿಯಾಗಿ ಮಲಗಲು ತಾಯಮ್ಮನೇ ಒಪ್ಪಿದ್ದಳು. ಕಣ್ಣು ಮುಚ್ಚಿ ಮಲಗು, ಡಾಕ್ಟರು ಬಂದು ಮುಟ್ಟಿ ನೋಡಿ ಏಳು ಅನ್ನುವವರೆಗೂ ತೆಗೆಯಬೇಡ ಎಂದು ನಾನು ಹೇಳಿಕೊಟ್ಟೆ. ಅವಳು ಒಳಗೆ ನೆಲದ ಮೇಲೆ ಸೀರೆ ಸರಿಮಾಡಿಕೊಂಡು ಮಲಗಿ, ಸೊಟ್ಟ ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

ದೇಸಾಯಿಯವರ ಕಾರು ಚರಂಡಿಯ ಆಚೆ ನಿಂತಿತು. ಶಿರಸ್ತ್ರಾಣ ಹಾಕಿಕೊಂಡು ಅವರು ಕೇರಿಯೊಳಗೆ ನಡೆದು ಬಂದರು. ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ನಾನು ಕೈಯಲ್ಲಿ ಹಿಡಿಯುವ ಪುಟ್ಟ ಪರದೆಯನ್ನು ತೆರೆದೆ. ಹುಲಿಗೆಮ್ಮ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು.

ದೇಸಾಯಿ ಬಾಗಿಲಿಗೆ ಬಂದರು. ತಂತಿಯ ಕೆಳಗಿನಿಂದ ತಾಯಮ್ಮನ ಪಾದಗಳು ಕಾಣುತ್ತಿದ್ದವು. ಖಂಡದ ಎಳೆಗಳು ಅವರ ಮುಖದ ಮಟ್ಟಕ್ಕೆ ತೂಗುತ್ತಿದ್ದವು. ಒಂದನ್ನು ಸರಿಸಿದ್ದರೆ, ಇಲ್ಲವೇ ಸ್ವಲ್ಪ ಬಗ್ಗಿದ್ದರೆ ಸಾಕಿತ್ತು.

ಅವರು ನಿಂತರು.

ನಾನು ಪರದೆ ನೋಡಿದೆ. ಹುಲಿಗೆಮ್ಮನಂತೆ ಇವರದೂ ಎದ್ದು ಕುಸಿಯುತ್ತದೆ ಎಂದು ನಾನು ಎಣಿಸಿದ್ದೆ. ನನಗಿದ್ದ ಸಿಟ್ಟಿನಲ್ಲಿಯೂ ಅಷ್ಟಾದರೂ ಅವರಲ್ಲಿ ಇದ್ದೀತೆಂದು ನಂಬಿದ್ದೆ. ಆದರೆ ಅಲೆ ಏಳಲೇ ಇಲ್ಲ. ನೆಲದ ಮೇಲೆ ಹೆಂಗಸೊಬ್ಬಳು ಬಿದ್ದಿದ್ದಳು, ಅವರು ನೋಡುತ್ತಿದ್ದರು, ಪರದೆಯ ಮೇಲಿನ ಗೆರೆ ಮಾತ್ರ ಸಪಾಟಾಗಿ ಸಾಗುತ್ತಿತ್ತು. ಅವರ ಕೈ ಹೊರಟೇ ಇರಲಿಲ್ಲ. ಹುಲಿಗೆಮ್ಮನ ಮಿದುಳು ಆ ಬಾಗಿಲಲ್ಲಿ ಎಷ್ಟು ಹೋರಾಡಿತ್ತು! ಇವರದು ಹೋರಾಡಲೂ ಇಲ್ಲ.

ಅವರು ಒಂದು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ಹುಡುಕಿದರು.

"ಒಳಗ ಬರ್ರೀ ಸರ್," ಎಂದಳು ಹುಲಿಗೆಮ್ಮ. "ಯಾರೂ ಹೊಡಿಯಂಗಿಲ್ಲ."

ದೇಸಾಯಿಯವರ ಕಿವಿಗಳು ಕೆಂಪಾದವು. "ಬೆಳಕು ಸಾಲ್ದು," ಎಂದರು, ಯಾರ ಮುಖವನ್ನೂ ನೋಡದೆ. "ಅವರ್ನ ಹೊರಗ ಕಟ್ಟಿ ಮ್ಯಾಲ ಮಲಗಸ್ರಿ. ಅಲ್ಲೇ ನೋಡ್ತೀನಿ."

ಅಷ್ಟರಲ್ಲಿ ಶಿರಸ್ತ್ರಾಣದೊಳಗಿಂದ ಆ ಸಿಹಿ ದನಿ ಹೊರಟಿತು. ನಾವೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು.

"ಧನ್ಯವಾದ. ನಿಮ್ಮಲ್ಲಿ ಕೈಗುಣ ಕಂಡುಬಂದಿಲ್ಲ. ಬೇರೆ ಕ್ಷೇತ್ರದಲ್ಲಿ ನಿಮಗೆ ಶುಭವಾಗಲಿ."

ಅವರು ಅದನ್ನು ಕಿತ್ತು ತೆಗೆದರು. "ನಸೀಮಾ ಮೇಡಂ, ಇದನ್ನ ಕಳಿಸಬ್ಯಾಡ್ರಿ. ಇನ್ನೊಮ್ಮೆ ಮಾಡೋಣು. ಸ್ವಲ್ಪ ತಯಾರಿ ಮಾಡ್ಕೊಂಡು ಬರ್ತೀನಿ."

ತಯಾರಿ! ತಯಾರಿಯಿಂದ ಬಂದದ್ದನ್ನು ಅಳೆಯಬಾರದೆಂದು ಇಡೀ ಪರೀಕ್ಷೆಯನ್ನೇ ಕಿತ್ತುಹಾಕಿದ ಮನುಷ್ಯ. ನಾನು ಗುಂಡಿ ಒತ್ತಿ ದಾಖಲೆಯನ್ನು ಮಂಡಳಿಗೂ, ಜೊತೆಗೆ ಅರ್ಜಿದಾರಳಿಗೂ ಕಳಿಸಿದೆ. ನಿಯಮದ ಪ್ರಕಾರ ಇಬ್ಬರಿಗೂ ಕಳಿಸಲೇಬೇಕು. ಆ ನಿಯಮವೂ ಅವರದೇ.

ಮುಂದಿನದು ಪತ್ರಿಕೆಗಳಲ್ಲಿ ಬಂದಿದೆ. ಮಂಡಳಿ ಮೊದಲು ಉಪಕರಣ ಕೆಟ್ಟಿತ್ತು ಎಂದಿತು. ಕೆಟ್ಟಿರಲಿಲ್ಲ. ಆಮೇಲೆ, ಅನುಭವಿ ವೈದ್ಯರು ನಿಂತರೆ ಅದು ವಿವೇಚನೆ, ಅಭ್ಯರ್ಥಿ ನಿಂತರೆ ಮಾತ್ರ ತಡೆ ಎಂದು ಹೊಸದೊಂದು ವ್ಯಾಖ್ಯಾನ ಬರೆಯಿತು. ಹುಲಿಗೆಮ್ಮ ಕೋರ್ಟಿಗೆ ಹೋದಳು. ಅಲ್ಲಿ ಅದನ್ನು ಓದಿದ ನ್ಯಾಯಾಧೀಶರು ಕನ್ನಡಕ ತೆಗೆದು, ಇದನ್ನು ಬರೆದವರು ಯಾರು, ಎದ್ದು ನಿಲ್ಲಿ ಎಂದರಂತೆ. ಯಾರೂ ಏಳಲಿಲ್ಲ. ಕಳೆದ ಅಂಕಗಳನ್ನೆಲ್ಲ ವಾಪಸು ಕೊಡಬೇಕಾಯಿತು. ಹುಲಿಗೆಮ್ಮ ಈಗ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ, ನಾನು ತಪ್ಪು ಹೇಳಿದರೆ ಕೈ ಎತ್ತುತ್ತಾಳೆ. ಅವಳ ಜೊತೆಗೆ ಬಂದ ಅವಳಂಥ ಮಕ್ಕಳಲ್ಲಿ ಕೆಲವರು ಇನ್ನೂ ವಾರ್ಡಿನ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ನಾನು ನೋಡಿದ್ದೇನೆ. ನಿಂತು, ಹಲ್ಲು ಕಚ್ಚಿ, ಒಳಗೆ ಹೋಗುತ್ತಾರೆ. ಯಂತ್ರವನ್ನು ಮಾತ್ರ ತೆಗೆದಿಲ್ಲ. ಸುಧಾರಿಸುತ್ತಿದ್ದಾರಂತೆ. ಹೊಸ ಮನೆಗಳನ್ನು ಸೇರಿಸುತ್ತಾರಂತೆ, ಬೆಳಕು ಚೆನ್ನಾಗಿರುವ ಮನೆಗಳನ್ನು.

ಆದರೆ ನನಗೆ ಮರೆಯದೇ ಉಳಿದದ್ದು ಆ ದಿನದ ಇನ್ನೊಂದು ಮಾತು. ದೇಸಾಯಿಯವರು ಹೊರಟುಹೋಗಿದ್ದರು. ಚರಂಡಿಯಾಚೆ ಕಾರು ತಿರುಗುವ ಸದ್ದು ಕೇಳುತ್ತಿತ್ತು. ಜನ ಗುಸುಗುಸು ಎನ್ನತೊಡಗಿದ್ದರು. ಈ ಗಲಾಟೆಯಲ್ಲಿ ನಾವೆಲ್ಲ ತಾಯಮ್ಮನನ್ನು ಮರೆತೇಬಿಟ್ಟಿದ್ದೆವು. ಹೇಳಿಕೊಟ್ಟಂತೆ ಅವಳು ಒಳಗೆ ನೆಲದ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿಯೇ ಇದ್ದಳು.

"ಡಾಕ್ಟರ್ ಬಂದ್ರೇನವ್ವಾ?" ಎಂದು ಒಳಗಿನಿಂದ ಕೇಳಿದಳು.

ಹುಲಿಗೆಮ್ಮ ತಂತಿಯ ಮೇಲಿನ ಖಂಡವನ್ನು ಸರಿಸಿ ಒಳಗೆ ಹೋದಳು. ತಾಯಿಯ ಪಕ್ಕ ಕುಳಿತು ಆ ಸೊಟ್ಟ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಲುಬು ಸರಿದ ಜಾಗವನ್ನು ಬೆರಳಿನಿಂದ ಹುಡುಕಿದಳು.

"ಬಂದೀನವ್ವಾ," ಎಂದಳು. "ಏಳು."